ಡಯಲ್ ಮುಟ್ಟದಿದ್ದರೂ ಸ್ಟೇಷನ್ ಜಾರುತ್ತಿದೆಯೇ? ಹಳೆ ಹ್ಯಾಮ್ ರಿಗ್‌ನ ಡ್ರಿಫ್ಟ್ ಬಗ್ಗೆ ಮೂರು ಪ್ರಶ್ನೆ

ಪ್ರಶ್ನೆ: ನನ್ನ ಹತ್ತಿರ 1970ರ ದಶಕದ ಹೈಬ್ರಿಡ್ ಹ್ಯಾಮ್ (ಹವ್ಯಾಸಿ ರೇಡಿಯೋ) ಟ್ರಾನ್ಸೀವರ್ ಇದೆ, ಕಳಿಸುವುದೂ ಕೇಳುವುದೂ ಒಂದರಲ್ಲೇ. ಕೊನೆಯ ಹಂತದಲ್ಲಿ ಮಾತ್ರ ವಾಲ್ವ್, ಉಳಿದದ್ದೆಲ್ಲ ಟ್ರಾನ್ಸಿಸ್ಟರ್. ಆನ್ ಮಾಡಿ ಒಂದು ಗಂಟೆಯಾದರೂ ಫ್ರೀಕ್ವೆನ್ಸಿ ಒಂದು ಕಡೆ ನಿಲ್ಲುವುದಿಲ್ಲ. 40 ಮೀಟರ್ ಬ್ಯಾಂಡ್‌ನ ನೆಟ್‌ನಲ್ಲಿ (ಹ್ಯಾಮ್‌ಗಳು ಗೊತ್ತಾದ ಹೊತ್ತಿಗೆ ಸೇರುವ ಮಾತುಕತೆ) ಎಲ್ಲರೂ "ನೀವು ಜಾರ್ತಾ ಇದ್ದೀರಿ" ಅನ್ನುತ್ತಾರೆ. ವಿಎಫ್‌ಒ (ಡಯಲ್ ತಿರುಗಿಸಿದಂತೆ ಫ್ರೀಕ್ವೆನ್ಸಿ ಬದಲಿಸುವ ಆಸಿಲೇಟರ್) ಒಳಗಿನ ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸಿಬಿಡಲೇ?

ಉತ್ತರ: ಬೇಡ. ಬೆಸುಗೆ ಕಡ್ಡಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ವಿಎಫ್‌ಒ ಒಳಗೆ ತಯಾರಕರು ಯಾವ ಕೆಪಾಸಿಟರ್ ಎಲ್ಲಿ ಹಾಕಿದ್ದಾರೋ ಅದಕ್ಕೆ ಕಾರಣ ಇರುತ್ತದೆ. ಒಂದು ಬಿಸಿಗೆ ಹಿಗ್ಗಿದರೆ ಇನ್ನೊಂದು ಬೇಕೆಂದೇ ಕುಗ್ಗುವಂಥದ್ದು. ಅವನ್ನೆಲ್ಲ ಕಿತ್ತು ಒಂದೇ ಜಾತಿಯದ್ದು ಹಾಕಿದರೆ ಡ್ರಿಫ್ಟ್ ಮೊದಲಿಗಿಂತ ಜಾಸ್ತಿಯಾಗಬಹುದು.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ರಿಗ್ ಜಾರುತ್ತಿದೆಯಾ, ಜಿಗಿಯುತ್ತಿದೆಯಾ? ಎರಡಕ್ಕೂ ನಾವು ಡ್ರಿಫ್ಟ್ ಅಂತಲೇ ಅನ್ನುತ್ತೇವೆ, ಆದರೆ ರೋಗ ಬೇರೆ ಬೇರೆ. ತಣ್ಣಗಿದ್ದಾಗ ಬೇಗ ಬೇಗ ಸರಿದು, ಹೊತ್ತು ಹೋದಂತೆ ನಿಧಾನವಾಗಿ, ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಅದು ಬಿಸಿಯ ಕೆಲಸ. ಸುಮ್ನೆ ಕೂತಿರುವಾಗ ಪಟ್ಟಂತ 50 ಹರ್ಟ್ಸೋ 300 ಹರ್ಟ್ಸೋ ಆಚೆ ಹೋಗಿ, ಆಮೇಲೆ ತಾನಾಗಿ ವಾಪಸ್ ಬಂದರೆ ಅದು ಎಲ್ಲೋ ಸಂಪರ್ಕ ಕೆಟ್ಟಿರುವುದು. ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿದಾಗ ಮಾತ್ರ ಸರಿದರೆ ಪವರ್ ಸಪ್ಲೈ ನೋಡಬೇಕು.

ಇದು ತಿಳಿಯಬೇಕಾದರೆ ಅಳೆಯಬೇಕು. ರಿಗ್ ಪೂರ್ತಿ ತಣ್ಣಗಿರಲಿ, ಮುಚ್ಚಳ ಹಾಕಿರಲಿ, ಫ್ಯಾನ್ ಗಾಳಿ ನೇರ ಬೀಳದಿರಲಿ. ಮುಚ್ಚಳ ತೆಗೆದು ಅಳೆದ ಲೆಕ್ಕ ಮುಚ್ಚಳ ಹಾಕಿದಾಗ ಉಪಯೋಗಕ್ಕೆ ಬರುವುದಿಲ್ಲ. 10 ಮೆಗಾಹರ್ಟ್ಸ್‌ನಲ್ಲಿ ಅಮೆರಿಕದ ಡಬ್ಲ್ಯುಡಬ್ಲ್ಯುವಿ ಸ್ಟೇಷನ್‌ನಂಥ ಸಮಯ ಸಂಕೇತ ಕೇಳುತ್ತಿದ್ದು ನಿಮ್ಮ ರಿಗ್ ಅಲ್ಲಿಗೆ ಟ್ಯೂನ್ ಆಗುವುದಾದರೆ ಅದನ್ನು ಹಿಡಿಯಿರಿ, ಇಲ್ಲದಿದ್ದರೆ ಒಳಗಿನ 100 ಅಥವಾ 25 ಕಿಲೋಹರ್ಟ್ಸ್ ಕ್ಯಾಲಿಬ್ರೇಟರ್ (ಗೊತ್ತಾದ ಫ್ರೀಕ್ವೆನ್ಸಿಯಲ್ಲಿ ಗುರುತು ಸಂಕೇತ ಕೊಡುವುದು) ಹಾಕಿಕೊಳ್ಳಿ. ಸ್ಪೀಕರ್‌ನಲ್ಲಿ ಸುಮಾರು 1000 ಹರ್ಟ್ಸ್ ಸೀಟಿ ಬರುವಂತೆ ಡಯಲ್ ಇಟ್ಟು, ಫೋನಿನಲ್ಲಿ ಆಡಿಯೋ ಸ್ಪೆಕ್ಟ್ರಮ್ ಆ್ಯಪ್ ತೆರೆದು, ಐದೈದು ನಿಮಿಷಕ್ಕೆ ಸೀಟಿಯ ಫ್ರೀಕ್ವೆನ್ಸಿ ಬರೆದುಕೊಳ್ಳಿ. ಒಂದೂವರೆ ಗಂಟೆ ಸಾಕು. ಕಾಗದದ ಮೇಲೆ ಗೆರೆ ಎಳೆದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆಮೇಲೆ ಬ್ಯಾಂಡ್ ಬದಲಾಯಿಸಿ, ಇದೇ ಪರೀಕ್ಷೆ ಇನ್ನೊಂದು ದಿನ ಮಾಡಿ. 80 ಮೀಟರ್‌ನಲ್ಲೂ 20 ಮೀಟರ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಹರ್ಟ್ಸ್ ಜಾರಿದರೆ ಅನುಮಾನ ವಿಎಫ್‌ಒ ಮೇಲೆ. ಒಂದು ಬ್ಯಾಂಡ್‌ನಲ್ಲಿ ಮಾತ್ರ ಜಾಸ್ತಿ ಅಂದರೆ ಆ ಬ್ಯಾಂಡ್‌ನ ಕ್ರಿಸ್ಟಲ್ ಆಸಿಲೇಟರ್ ನೋಡಿ. ಫ್ರೀಕ್ವೆನ್ಸಿ ಕೌಂಟರ್ ಇದ್ದರೆ ವಿಎಫ್‌ಒದ ಬಫರ್ (ಅದನ್ನು ಹೊರಗಿನ ಪ್ರಭಾವದಿಂದ ಕಾಪಾಡುವ ಹಂತ) ದಾಟಿದ ಮೇಲೆ 10 ಪಿಕೋಫ್ಯಾರಡ್ ಮೂಲಕ ಜೋಡಿಸಿ ನೇರ ಓದಬಹುದು. ಆಗ ಅನುಮಾನವೇ ಉಳಿಯುವುದಿಲ್ಲ.

ಇನ್ನು ಒಳಗೆ ಕೈಹಾಕುವ ವಿಷಯ. ಪ್ಲೇಟ್ ವೋಲ್ಟೇಜ್ 600ರಿಂದ 800 ವೋಲ್ಟ್ ಇರುತ್ತದೆ, ಜೀವ ತೆಗೆಯಲು ಅದು ಧಾರಾಳ ಸಾಕು. ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್‌ಗಳು ಖಾಲಿಯಾಗಿವೆ ಅಂತ ಮೀಟರ್‌ನಲ್ಲಿ ನೋಡಿಯೇ ಮುಂದಕ್ಕೆ ಹೋಗಿ.

ಜಿಗಿತ ಇದ್ದರೆ ಮೊದಲು ಸ್ಕ್ರೂಗಳನ್ನು ನೋಡಿ. ನಿಜವಾಗಿಯೂ ಹೇಳುತ್ತಿದ್ದೇನೆ. ವಿಎಫ್‌ಒ ಡಬ್ಬಿ ಮತ್ತು ಅದರ ಬೋರ್ಡ್‌ಗೆ ಗ್ರೌಂಡ್ ಸಿಗುವುದೇ ಸ್ಕ್ರೂ ಮೂಲಕ. ಐವತ್ತು ವರ್ಷದಲ್ಲಿ ಅದರ ಕೆಳಗೆ ಕಿಲುಬು ಕೂತಿರುತ್ತದೆ. ಒಂದು ರಿಗ್‌ನಲ್ಲಿ ನಾನು ಮೂರು ವಾರ ಟ್ರಾನ್ಸಿಸ್ಟರ್ ಮೇಲೆ ಅನುಮಾನ ಪಟ್ಟಿದ್ದೆ. ಕೊನೆಗೆ ನಾಲ್ಕು ಸ್ಕ್ರೂ ಬಿಚ್ಚಿ, ಜಾಗ ಉಜ್ಜಿ, ಬಿಗಿ ಮಾಡಿದ ಮೇಲೆ ಜಿಗಿತ ನಿಂತಿತು. ಆವತ್ತಿನಿಂದ ಎಲ್ಲರಿಗೂ ಮೊದಲು ಇದನ್ನೇ ಹೇಳುತ್ತೇನೆ.

ಎರಡನೆಯದು ಗ್ಯಾಂಗ್ ಕಂಡೆನ್ಸರ್, ಅಂದರೆ ಡಯಲ್ ಜೊತೆ ಪ್ಲೇಟುಗಳು ತಿರುಗುವ ಕೆಪಾಸಿಟರ್. ಅದರ ತಿರುಗುವ ಶಾಫ್ಟ್‌ಗೆ ಒತ್ತಿಕೊಂಡಿರುವ ತೆಳು ಲೋಹದ ಪಟ್ಟಿ ಇದೆಯಲ್ಲ, ಹಳೆ ಗ್ರೀಸ್ ಗಟ್ಟಿಯಾಗಿ ಅಲ್ಲಿ ಸಂಪರ್ಕ ಕೆಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಸಣ್ಣ ಬ್ರಷ್‌ನಿಂದ ಒರೆಸಿ. ಸ್ಪ್ರೇ ಮಾತ್ರ ಹೊಡೆಯಬೇಡಿ, ಪ್ಲೇಟುಗಳ ನಡುವೆ ಹೋದರೆ ಹೊಸ ತೊಂದರೆ. ಮೂರನೆಯದು ಟ್ರಿಮ್ಮರ್, ಸ್ಕ್ರೂ ತಿರುಗಿಸಿ ಹೊಂದಿಸುವ ಸಣ್ಣ ಕೆಪಾಸಿಟರ್. ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ. ಅಲ್ಲೇ ಸದ್ದು ಬದಲಾದರೆ ಟ್ರಿಮ್ಮರ್ ಬದಲಿಸಿ. ಸಿಲ್ವರ್ ಮೈಕಾ ಕೆಪಾಸಿಟರ್ ಕೂಡ ವಯಸ್ಸಾದ ಮೇಲೆ ಹೀಗೆ ಜಿಗಿಸುತ್ತದೆ, ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಅನೇಕರ ಕಣ್ಣಿಗೆ ಬೀಳದ ಒಂದು ಜಾಗ ಕ್ಲಾರಿಫೈಯರ್, ಅಂದರೆ ಆರ್‌ಐಟಿ, ಕೇಳುವ ಫ್ರೀಕ್ವೆನ್ಸಿಯನ್ನು ಸ್ವಲ್ಪ ಸರಿಸುವ ಗುಂಡಿ. ಅದು ವ್ಯಾರಿಕ್ಯಾಪ್ ಡಯೋಡ್‌ಗೆ (ವೋಲ್ಟೇಜ್‌ಗೆ ತಕ್ಕಂತೆ ಕೆಪಾಸಿಟನ್ಸ್ ಬದಲಾಗುವುದು) ವೋಲ್ಟೇಜ್ ಕೊಟ್ಟು ವಿಎಫ್‌ಒವನ್ನು ಎಳೆಯುತ್ತದೆ. ಗುಂಡಿಯ ಹಿಂದಿನ ಪಾಟ್ (ತಿರುಗಿಸುವ ರೆಸಿಸ್ಟರ್) ಕೊಳೆಯಾಗಿದ್ದರೆ, ರಿಲೇ ಸಂಪರ್ಕ ಸರಿಯಿಲ್ಲದಿದ್ದರೆ ಫ್ರೀಕ್ವೆನ್ಸಿ ಅಲ್ಲಾಡುತ್ತದೆ. ಕ್ಲಾರಿಫೈಯರ್ ಆಫ್ ಮಾಡಿದಾಗ ಎಲ್ಲ ಸರಿಹೋದರೆ ಬೇರೆಲ್ಲೂ ಹುಡುಕಬೇಡಿ. ಹಾಗೆಯೇ ವಿಎಫ್‌ಒಗೆ ಬರುವ ಸ್ಥಿರ ವೋಲ್ಟೇಜನ್ನು ಡಿಜಿಟಲ್ ಮೀಟರ್‌ನಲ್ಲಿ ನೋಡುತ್ತಾ ಪಿಟಿಟಿ ಒತ್ತಿ. ಹತ್ತಾರು ಮಿಲಿವೋಲ್ಟ್ ಕುಸಿದರೆ ಆ ವೋಲ್ಟೇಜನ್ನು ಹಿಡಿದಿಡುವ ಝೀನರ್ ಡಯೋಡ್ ಅಥವಾ ರೆಗ್ಯುಲೇಟರ್ ಸರಿ ಮಾಡಿ.

ಇದೆಲ್ಲ ಸರಿಯಿದ್ದೂ ನಿಧಾನಕ್ಕೆ ಜಾರುತ್ತಿದ್ದರೆ ಆಗ ಮಾತ್ರ ಬಿಸಿಯ ಲೆಕ್ಕಕ್ಕೆ ಬನ್ನಿ. ವಾಲ್ವ್‌ಗಳಿಗೆ ಬೇರೆ ಹೀಟರ್ ಸ್ವಿಚ್ ಇದ್ದರೆ ಅದನ್ನು ಆರಿಸಿ, ಬರೀ ರಿಸೀವ್‌ನಲ್ಲಿ ಅಳೆಯಿರಿ. ಡ್ರಿಫ್ಟ್ ತುಂಬಾ ಕಡಿಮೆಯಾದರೆ ಕೊನೆಯ ಹಂತದ ಬಿಸಿ ವಿಎಫ್‌ಒವರೆಗೆ ಹೋಗುತ್ತಿದೆ. ಹಿಂದಿನ ಫ್ಯಾನ್ ಸರಿಯಾಗಿ ತಿರುಗುತ್ತಿದೆಯಾ ನೋಡಿ.

ಸಾಮಾನ್ಯವಾಗಿ ಬಿಸಿಯಾದಂತೆ ಫ್ರೀಕ್ವೆನ್ಸಿ ಇಳಿಯುತ್ತದೆ. ಕಾಯಿಲ್ ಹಿಗ್ಗುತ್ತದೆ, ಕೆಪಾಸಿಟನ್ಸೂ ಸ್ವಲ್ಪ ಏರುತ್ತದೆ. ಇದಕ್ಕೆ ಮದ್ದು ಎನ್‌750 ಸೆರಾಮಿಕ್ ಕೆಪಾಸಿಟರ್. ಪ್ರತಿ ಡಿಗ್ರಿಗೆ ಅದು ದಶಲಕ್ಷದಲ್ಲಿ 750 ಭಾಗ ಕುಗ್ಗುತ್ತದೆ. ಎನ್‌ಪಿ0 ಜಾತಿಯದ್ದು 30 ಭಾಗದ ಆಚೀಚೆ ಹೋಗುವುದಿಲ್ಲ. ಒಂದು ಉದಾಹರಣೆ ನೋಡಿ. 5 ಮೆಗಾಹರ್ಟ್ಸ್ ವಿಎಫ್‌ಒ, ಒಳಗೆ 10 ಡಿಗ್ರಿ ಏರಿದಾಗ 500 ಹರ್ಟ್ಸ್ ಇಳಿಯಿತು ಅಂದುಕೊಳ್ಳಿ. ಅಂದರೆ ಡಿಗ್ರಿಗೆ 10 ಪಿಪಿಎಂ (ದಶಲಕ್ಷದಲ್ಲಿ 10 ಭಾಗ). ಕೆಪಾಸಿಟನ್ಸ್ ಬದಲಾದಷ್ಟರ ಅರ್ಧ ಮಾತ್ರ ಫ್ರೀಕ್ವೆನ್ಸಿ ಬದಲಾಗುವುದರಿಂದ, ಕೆಪಾಸಿಟನ್ಸ್ ಕಡೆಯಿಂದ ನಾವು ತುಂಬಿಕೊಡಬೇಕಾದದ್ದು ಡಿಗ್ರಿಗೆ 20 ಪಿಪಿಎಂ. ಒಟ್ಟು ಕೆಪಾಸಿಟನ್ಸ್ 150 ಪಿಕೋಫ್ಯಾರಡ್ ಆಗಿದ್ದರೆ ಅದರಲ್ಲಿ ಬರೀ 4 ಪಿಕೋಫ್ಯಾರಡ್‌ನಷ್ಟನ್ನು ಎನ್‌ಪಿ0 ಬದಲು ಎನ್‌750 ಮಾಡಿದರೆ ಸಾಕು. ಎಷ್ಟು ಸಣ್ಣದು ಅಲ್ವಾ? ಅದಕ್ಕೇ ಎಲ್ಲವನ್ನೂ ಬದಲಾಯಿಸಬೇಡಿ ಅಂದಿದ್ದು. ಹಾಕಿದ ಮೇಲೆ ಡಯಲ್ ಹೊಂದಿಸಿ, ಮತ್ತೆ ಮೊದಲಿನಂತೆ ಅಳೆಯಿರಿ. ಒಂದೇ ಸಲಕ್ಕೆ ಸರಿಯಾಗುವುದು ಅಪರೂಪ, ಮೂರ್ನಾಲ್ಕು ಸಲ ಬೇಕಾಗುತ್ತದೆ.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದೂ ಗೊತ್ತಿರಲಿ. ಇಂಥದ್ದೇ ಹೈಬ್ರಿಡ್ ರಿಗ್ ಆದ ಕೆನ್‌ವುಡ್ ಟಿಎಸ್-520ರ ಕೈಪಿಡಿಯಲ್ಲೇ ಮೊದಲ ಒಂದು ಗಂಟೆ 1 ಕಿಲೋಹರ್ಟ್ಸ್ ಒಳಗೆ, ಆಮೇಲೆ ಪ್ರತಿ 30 ನಿಮಿಷಕ್ಕೆ 100 ಹರ್ಟ್ಸ್ ಒಳಗೆ ಅಂತ ಇದೆ. ಆ ಕಾಲಕ್ಕೆ ಅದು ಒಳ್ಳೆಯ ಲೆಕ್ಕ. ನಿಮ್ಮ ಗೆರೆ ಅದರೊಳಗೆ ಬಂದಿದ್ದರೆ ರಿಗ್ ಆರೋಗ್ಯವಾಗಿದೆ, ನೆಟ್‌ಗೆ ಅರ್ಧ ಗಂಟೆ ಮುಂಚೆ ಆನ್ ಮಾಡಿ.

ಪ್ರಶ್ನೆ: ನನ್ನದು ಪೂರ್ತಿ ವಾಲ್ವ್ ರಿಸೀವರ್. ಮನೆಯ ಕರೆಂಟ್ ಸ್ವಲ್ಪ ಏರಿಳಿದರೂ ಮೋರ್ಸ್ ಸದ್ದಿನ ಸ್ವರ ಬದಲಾಗುತ್ತದೆ. ಏಕೆ?

ಉತ್ತರ: ಒಳಗೆ 0ಎ2 ಎಂಬ ಗ್ಯಾಸ್ ತುಂಬಿದ ಸಣ್ಣ ವಾಲ್ವ್ ಇದೆಯಾ ನೋಡಿ. ಆಸಿಲೇಟರ್‌ಗೆ 150 ವೋಲ್ಟನ್ನು ಅಲ್ಲಾಡದಂತೆ ಹಿಡಿಯುವುದು ಅದರ ಕೆಲಸ. ಚೆನ್ನಾಗಿದ್ದರೆ ಕತ್ತಲಲ್ಲಿ ಹೊಳೆಯುವುದು ಕಾಣುತ್ತದೆ. ಹೊಳೆಯದಿದ್ದರೆ ತಕ್ಷಣ ಅದನ್ನು ಬಿಸಾಡಬೇಡಿ. ಅದಕ್ಕೆ 5ರಿಂದ 30 ಮಿಲಿಆಂಪ್ ಕರೆಂಟ್ ಹರಿಯಬೇಕು, ಹತ್ತಿಕೊಳ್ಳಲು 185 ವೋಲ್ಟ್‌ವರೆಗೂ ಬೇಕಾಗಬಹುದು. ಹಿಂದೆ ಇರುವ ರೆಸಿಸ್ಟರ್ ಕಾರ್ಬನ್ ಜಾತಿಯದಾಗಿದ್ದರೆ ವಯಸ್ಸಾದಂತೆ ಅದರ ಓಮ್ ಮೌಲ್ಯ ಏರಿ, ಕರೆಂಟ್ ಸಾಲದೆ ವಾಲ್ವ್ ಆರಿಹೋಗುತ್ತದೆ. ರೆಸಿಸ್ಟರ್ ಬದಲಿಸಿದರೆ ಎಷ್ಟೋ ಸಲ ಅಲ್ಲಿಗೆ ಮುಗಿಯುತ್ತದೆ. ಅದು ಸರಿಯಿದ್ದರೆ ಮುಂದೆ ಬಿಎಫ್‌ಒ (ಮೋರ್ಸ್ ಸಂಕೇತವನ್ನು ಕೇಳುವ ಸ್ವರವಾಗಿಸುವ ಆಸಿಲೇಟರ್) ನೋಡಿ. ಅದಕ್ಕೂ ಇದೇ ಸ್ಥಿರ ವೋಲ್ಟೇಜ್ ಬರುತ್ತಿದೆಯಾ ಅಂತ ಸರ್ಕ್ಯೂಟ್ ನಕ್ಷೆಯಲ್ಲಿ ಪರೀಕ್ಷಿಸಿ.

ಪ್ರಶ್ನೆ: ಹಳೆ ರಿಗ್‌ನಲ್ಲಿ ಎಫ್‌ಟಿ8 (ಕಂಪ್ಯೂಟರ್ ಮೂಲಕ ಕಿರು ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಮಾಡುವ ಆಸೆ. ವಿಎಫ್‌ಒ ತೆಗೆದು ಡಿಜಿಟಲ್ ವಿಎಫ್‌ಒ ಹಾಕಲೇಬೇಕಾ?

ಉತ್ತರ: ಹಾಕಲೇಬೇಕು ಅಂತಿಲ್ಲ. ಎಫ್‌ಟಿ8ರ ಒಂದು ಪ್ರಸಾರ 12.64 ಸೆಕೆಂಡು, ಟೋನ್‌ಗಳ ನಡುವಿನ ಅಂತರ 6.25 ಹರ್ಟ್ಸ್. 30 ನಿಮಿಷಕ್ಕೆ 100 ಹರ್ಟ್ಸ್ ಜಾರುವ ರಿಗ್ ಅಷ್ಟು ಹೊತ್ತಿನಲ್ಲಿ ಜಾರುವುದು ಸುಮಾರು 0.7 ಹರ್ಟ್ಸ್. ತೊಂದರೆಯಿಲ್ಲ, ಪವರ್ ಮಾತ್ರ ಕಡಿಮೆ ಇಟ್ಟು ಬಿಸಿ ಏರದಂತೆ ನೋಡಿಕೊಳ್ಳಿ. ಇನ್ನೂ ನಿಧಾನದ ಡಿಜಿಟಲ್ ವಿಧಾನವಾದ ಡಬ್ಲ್ಯುಎಸ್‌ಪಿಆರ್ ಆದರೆ ಕಷ್ಟ. ಅದರ ಪ್ರಸಾರ ಸುಮಾರು 110 ಸೆಕೆಂಡು, ಟೋನ್ ಅಂತರ ಒಂದೂವರೆ ಹರ್ಟ್ಸ್ ಮುಟ್ಟುವುದಿಲ್ಲ, ಅಷ್ಟರಲ್ಲಿ ನಿಮ್ಮ ರಿಗ್ 6 ಹರ್ಟ್ಸ್ ಸರಿದಿರುತ್ತದೆ.

ಅಂಥದ್ದು ಬೇಕೆಂದರೆ ಎಸ್‌ಐ5351 ಚಿಪ್‌ನ ಹೊರ ವಿಎಫ್‌ಒ ಮಾಡಿಕೊಂಡು, ರಿಗ್ ಹಿಂದೆ ಹೊರ ವಿಎಫ್‌ಒ ಸಾಕೆಟ್ ಇದ್ದರೆ ಅಲ್ಲಿಗೆ ಜೋಡಿಸಿ. ಹಳೆಯದನ್ನು ಕೀಳಬೇಡಿ, ಅದನ್ನು ಮತ್ತೆ ಮಾಡುವವರು ಇಲ್ಲ. ಇನ್ನೊಂದು ದಾರಿ ಹಫ್ ಅಂಡ್ ಪಫ್ ಸ್ಥಿರಕಾರಿ. ಡಚ್ ಹ್ಯಾಮ್ ಕ್ಲಾಸ್ ಸ್ಪಾರ್ಗಾರೆನ್ (ಕರೆ ಗುರುತು ಪಿಎ0ಕೆಎಸ್‌ಬಿ) ಇದನ್ನು 1973ರಲ್ಲಿ ಪ್ರಕಟಿಸಿದರು. ಇದು ವಿಎಫ್‌ಒವನ್ನು ಆಗಾಗ ಕ್ರಿಸ್ಟಲ್ ಜೊತೆ ಹೋಲಿಸಿ, ಜಾರಿದಷ್ಟು ವಾಪಸ್ ತಳ್ಳುತ್ತದೆ. ನನಗೆ ಇದು ತುಂಬಾ ಇಷ್ಟ, ಏಕೆಂದರೆ ಡಯಲ್ ತಿರುಗಿಸುವ ಹಳೆಯ ಅನುಭವ ಹಾಗೇ ಉಳಿಯುತ್ತದೆ. ಆದರೆ ಅದು ಹಿಡಿಯುವುದು ಜಾರುವುದನ್ನು ಮಾತ್ರ. ವಿಎಫ್‌ಒ ಜೋರಾಗಿ ಜಿಗಿದರೆ ಹೊಸ ಜಾಗವನ್ನೇ ಸರಿ ಅಂದುಕೊಂಡು ಅಲ್ಲೇ ಬೀಗ ಹಾಕಿಕೊಳ್ಳುತ್ತದೆ. ಆದ್ದರಿಂದ ಸ್ಕ್ರೂ, ಗ್ಯಾಂಗ್, ಟ್ರಿಮ್ಮರ್ ಕೆಲಸ ಮುಗಿಸಿ ಆಮೇಲೆ ಇದನ್ನು ಹಾಕಿ.