ನಮ್ಮ ಪಟ್ಟಣದ ಮಾಸ್ಟರ್ ಪ್ಲಾನ್ ಪರಿಷ್ಕರಣೆ ಆಗ್ತಿದೆ, '2045ರ ನಮ್ಮೂರು' ವರದಿ ಬರೆಸೋಕೆ ಯಾರನ್ನು ಹಿಡಿಯಬೇಕು?

ಯಾರನ್ನೂ ಹಿಡಿಯಬೇಡಿ. ವರದಿ ಬರೆಸೋದೇ ಬೇಡ.

ಹತ್ತು ಜನ ಗೆಳೆಯರು, ಒಂದು ವಾಟ್ಸಾಪ್ ಗ್ರೂಪು, ತಲಾ ಎರಡು ಸಾವಿರ ಹಾಕಿಕೊಂಡು ಬೆಂಗಳೂರಿನ ತಜ್ಞರೊಬ್ಬರಿಂದ ಊರಿನ ಮುಂದಿನ ಇಪ್ಪತ್ತು ವರ್ಷದ ಕನಸು ಬರೆಸಬೇಕು ಅಂತಿದ್ದೀರಿ. ಪಾರ್ಕು, ಲೈಬ್ರರಿ, ಸೈಕಲ್ ದಾರಿ, ರಿಂಗ್ ರೋಡು. ಓದ್ತಾ ಓದ್ತಾ ನನ್ನದೇ ಹಳೇ ಫೋಟೋ ನೋಡಿದ ಹಾಗಾಯ್ತು. 2015ರಲ್ಲಿ ನಾವೂ ಹೀಗೇ ಇದ್ದೆವು. ನಮ್ಮ ವರದಿ 34 ಪುಟ. ಸ್ಪೈರಲ್ ಬೈಂಡಿಂಗ್. ಮುಖಪುಟದಲ್ಲಿ ಮುಂಜಾನೆ ಮಂಜಿನ ನಡುವೆ ದೇವಸ್ಥಾನದ ಗೋಪುರ. ಅದರ ಒಂದು ಪ್ರತಿ ಈಗಲೂ ನನ್ನ ಅಂಗಡಿಯಲ್ಲಿದೆ. ಮೊಳೆ ಡಬ್ಬಿ ಇಟ್ಟಿರೋ ಶೆಲ್ಫು ಅಲ್ಲಾಡದ ಹಾಗೆ ಕಾಲಿನ ಕೆಳಗೆ ಕೊಟ್ಟಿದ್ದೇನೆ.

ನಮ್ಮದು ಹಳೇ ಮೈಸೂರು ಕಡೆಯ ಒಂದು ಪುರಸಭೆ ಊರು. ಹೆಸರು ಬೇಡ, ನಾನಿನ್ನೂ ಅಲ್ಲೇ ವ್ಯಾಪಾರ ಮಾಡಬೇಕು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಊರಿನ ಪಡುವಲಿಗೆ ದೊಡ್ಡ ಕೆರೆ. ಅದರ ಕೋಡಿಯಿಂದ ಹೊರಟ ಹಳ್ಳ ಸಂತೆ ಮೈದಾನದ ಹಿಂದೆ ಹಾದು ಕೆಳಗಿನ ಚಿಕ್ಕ ಕೆರೆಗೆ ಸೇರುತ್ತದೆ. ಸೇರುತ್ತದೆ ಅಂದೆ, ಸೇರಬೇಕು. 2015, 2016 ಎರಡೂ ಬರದ ವರ್ಷ. ಹಳ್ಳದ ತುಂಬ ಲಾಂಟಾನ, ಕೋಳಿ ಅಂಗಡಿಯವರು ಸುರಿದ ಪುಕ್ಕ, ಪ್ಲಾಸ್ಟಿಕ್ಕು. ನಮ್ಮ ವಯಸ್ಸಿನವರಿಗೆ ಅದು ಹೆಸರಿಗೆ ಮಾತ್ರ ಹಳ್ಳ.

ಅಂಥ ಹೊತ್ತಿನಲ್ಲಿ ಮಾಸ್ಟರ್ ಪ್ಲಾನ್ ಕರಡು ಬಂತು. ಸರ್ಕಾರಿ ಭಾಷೆಯಲ್ಲಿ ಮಹಾಯೋಜನೆ, ಅಂದ್ರೆ ಊರಿನ ಯಾವ ಜಾಗದಲ್ಲಿ ಏನು ಬರಬಹುದು ಅಂತ ಗೊತ್ತುಮಾಡೋ ಯೋಜನೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಸರ್ಕಾರ ತಾತ್ಕಾಲಿಕ ಒಪ್ಪಿಗೆ ಕೊಟ್ಟ ಮೇಲೆ ಪ್ಲಾನನ್ನು ಜನರ ಮುಂದಿಡಬೇಕು, ಆಕ್ಷೇಪಣೆ ಮತ್ತು ಸಲಹೆಗೆ 60 ದಿನ ಕೊಡಬೇಕು. ನಮ್ಮ 60 ದಿನದಲ್ಲಿ 52 ದಿನ ವರದಿ ಬರೆಯೋದಕ್ಕೇ ಹೋಯ್ತು.

ಈಗ ನನ್ನ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಹತ್ತು ವರ್ಷದಿಂದ ಹೆಂಡತಿ ಒಬ್ಬಳೇ ಇದನ್ನು ಕೇಳಿಸಿಕೊಂಡಿದ್ದಾಳೆ.

ಪುರಸಭೆಯ ಸಭಾಂಗಣದಲ್ಲಿ ನಕ್ಷೆ ತೂಗುಹಾಕಿದ್ದರು. ಸೋಮವಾರ ಮಧ್ಯಾಹ್ನ ನಾವು ನಾಲ್ಕು ಜನ ಹೋದೆವು. ದೊಡ್ಡ ಹಾಳೆ, ಒಬ್ಬ ಮನುಷ್ಯ ಎರಡೂ ಕೈ ಚಾಚಿದರೆ ಮಾತ್ರ ಹಿಡಿಯೋಷ್ಟು ಅಗಲ. ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ, ಆಸ್ಪತ್ರೆ, ಕಚೇರಿಗಳಿಗೆ, ಹಸಿರು ಪಾರ್ಕಿಗೆ, ತಿಳಿ ಹಸಿರು ವ್ಯವಸಾಯಕ್ಕೆ. ನಾನು ನೇರ ಹಳ್ಳವನ್ನೇ ಹುಡುಕಿದೆ. ಸಿಕ್ಕಿತು. ಸಣ್ಣ ನೀಲಿ ಗೆರೆ, ಎರಡೂ ಕಡೆ ತಿಳಿ ಹಸಿರು. ಸರಿ, ಹಳ್ಳ ಉಳಿದಿದೆ ಅಂತ ಸಮಾಧಾನ ಆಯ್ತು. ಕುರ್ಚಿ ಮೇಲೆ ಹತ್ತಿ ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಗ್ರೂಪ್‌ಗೆ ಹಾಕುವಾಗ ಗೋಡೆಯ ಸ್ವಿಚ್ ಬೋರ್ಡು, ಬೀರುವಿನ ಅಂಚು ಎಲ್ಲ ಕಾಣ್ತಿತ್ತು. ಚೆನ್ನಾಗಿ ಕಾಣಲಿ ಅಂತ ನಾಲ್ಕೂ ಕಡೆ ಕತ್ತರಿಸಿದೆ.

ಆ ಕತ್ತರಿಸಿದ ಬಲಗಡೆಯ ಮೂಲೆಯಲ್ಲೇ ನಕ್ಷೆಯ ಹೆಸರಿತ್ತು.

ಮಾಸ್ಟರ್ ಪ್ಲಾನ್‌ನಲ್ಲಿ ಮುಖ್ಯವಾದ ನಕ್ಷೆ ಎರಡು ಇರುತ್ತವೆ. ಒಂದು, ಈಗಿನ ಭೂಬಳಕೆ ನಕ್ಷೆ. ಅಂದ್ರೆ ಸರ್ವೆ ಮಾಡಿದಾಗ ನೆಲದ ಮೇಲೆ ಏನಿತ್ತೋ ಅದು. ಇನ್ನೊಂದು, ಉದ್ದೇಶಿತ ಭೂಬಳಕೆ ನಕ್ಷೆ. ಅಂದ್ರೆ ಮುಂದೆ ಅಲ್ಲಿ ಏನು ಬರಬಹುದೋ ಅದು. ಕಾನೂನಿನ ತೂಕ ಇರೋದು ಎರಡನೆಯದಕ್ಕೆ. ಅದರಲ್ಲಿ ಹಳದಿ ಬಿದ್ದರೆ ಭೂ ಪರಿವರ್ತನೆ ಸಲೀಸು, ಲೇಔಟ್‌ಗೆ ಮಂಜೂರಾತಿ ಸಲೀಸು. ಎರಡೂ ಒಂದೇ ಅಳತೆಯ ಹಾಳೆ, ಒಂದೇ ಬಣ್ಣ, ಒಂದೇ ಉತ್ತರ ದಿಕ್ಕಿನ ಬಾಣ. ವ್ಯತ್ಯಾಸ ಮೂಲೆಯ ಒಂದು ಸಾಲಿನಲ್ಲಿ. ನಾನು ಫೋಟೋ ತೆಗೆದದ್ದು ಮೊದಲನೆಯದು. ಎರಡನೆಯದು ಬೀರುವಿನ ಪಕ್ಕದ ಗೋಡೆಯಲ್ಲಿ, ಅರ್ಧ ಮರೆಯಾಗಿ ನೇತಾಡ್ತಿತ್ತು. ಅದು ಇದರದೇ ಇನ್ನೊಂದು ಪ್ರತಿ ಅಂದುಕೊಂಡೆವು. ಬೇಕಂತಲೇ ಮರೆಮಾಡಿದ್ದರು ಅಂತ ನಾನು ಹೇಳಲ್ಲ. ಬೀರು ಅಲ್ಲಿತ್ತು, ಮೊಳೆ ಅಲ್ಲಿತ್ತು, ಅಷ್ಟೆ. ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಮುಗಿದಿತ್ತು. ನಾಲ್ಕು ಜನರಲ್ಲಿ ಒಬ್ಬ ಎಂಜಿನಿಯರಿಂಗ್ ಓದಿದವನು, ಒಬ್ಬರು ಮೇಷ್ಟ್ರು. ಯಾರೂ ಸರಿಯಲಿಲ್ಲ.

ಇದಕ್ಕಿಂತ ಹೊಟ್ಟೆ ಉರಿಸೋದು ಇನ್ನೊಂದಿದೆ. ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಗಡಿಯ ಗಲ್ಲಾ ಮೇಜಿನ ಮೇಲೆ ಹರಡಿಕೊಂಡಿದ್ದೆ. ನಮ್ಮ ಕೆರೆಗೆ ಮೊದಲು ನೀರುಗಂಟಿ ಆಗಿದ್ದ ತಾತ ಗುದ್ದಲಿ ಕಾವು ಕೊಳ್ಳೋಕೆ ಬಂದಿದ್ದ. ಯಾವ ಗದ್ದೆಗೆ ಯಾವ ದಿನ ನೀರು ಬಿಡಬೇಕು ಅಂತ ನಲವತ್ತು ವರ್ಷ ನೋಡಿಕೊಂಡ ಮನುಷ್ಯ. ನಕ್ಷೆ ನೋಡಿ ಒಂದೇ ಮಾತು ಕೇಳಿದ: "ಕೋಡಿ ನೀರು ಎಲ್ಲಿಗೆ ಓಗ್ತದಪ್ಪಾ ಇದ್ರಾಗೆ?" ನಾನು ನೀಲಿ ಗೆರೆ ತೋರಿಸಿದೆ. ತಾತ ಬೆರಳಿಟ್ಟು ಕೆಳಗಿನ ಕೆರೆಯವರೆಗೂ ಎಳೆದುಕೊಂಡು ಹೋದ. "ಐತೆ ಬುಡು" ಅಂದು ಕಾವು ಹೆಗಲಿಗೆ ಹಾಕಿಕೊಂಡು ಹೊರಟ. ಸರಿಯಾದ ಪ್ರಶ್ನೆ ಕೇಳುವವನು ತಾನೇ ಅಂಗಡಿಗೆ ಬಂದಿದ್ದ. ನಾನು ಅವನ ಮುಂದೆ ತಪ್ಪು ಹಾಳೆ ಇಟ್ಟಿದ್ದೆ.

ಸರಿಯಾದ ಹಾಳೆಯಲ್ಲಿ ಸಂತೆ ಮೈದಾನದ ಹಿಂದಿನ ಮೂರು ಸರ್ವೆ ನಂಬರು ಪೂರ್ತಿ ಹಳದಿ. ನೀಲಿ ಗೆರೆ ಅಲ್ಲಿಗೆ ಬಂದು ನಿಂತು, ಆಚೆ ಕಡೆ ಮತ್ತೆ ಶುರುವಾಗುತ್ತಿತ್ತು.

ನಮಗೆ ಗೊತ್ತಾದದ್ದು ಜೆಸಿಬಿ ಬಂದ ಮೇಲೆ. ಓಡಿದೆವು. ಕಚೇರಿಯಲ್ಲಿದ್ದವರು ಒಳ್ಳೆಯವರೇ, ಕೂರಿಸಿ ನೀರು ಕೊಟ್ಟು ಕೇಳಿದರು: "ಈ ಸರ್ವೆ ನಂಬರ್ ಮೇಲೆ ಆಕ್ಷೇಪಣೆ ಕೊಟ್ಟಿದ್ರಾ ಸರ್?" 34 ಪುಟ ಕೊಟ್ಟಿದ್ದೇವಲ್ಲ ಅಂದೆ. ಆಕ್ಷೇಪಣೆಗಳ ಪಟ್ಟಿ ತೆಗೆಸಿದರು. ನಮ್ಮ ವರದಿಯ ಎದುರಿಗೆ "ಸಾಮಾನ್ಯ ಸಲಹೆ, ಗಮನಿಸಲಾಗಿದೆ" ಅಂತ ಒಂದು ಸಾಲು. ಅದರ ಕೆಳಗೇ ಬೈಪಾಸ್ ಪಕ್ಕದ ಜಮೀನಿನವರೊಬ್ಬರ ಅರ್ಜಿ ಇತ್ತು. ಒಂದೇ ಹಾಳೆ. ಸರ್ವೆ ನಂಬರ್, ಹಿಸ್ಸಾ, ಪಹಣಿ, ಕೈಯಲ್ಲಿ ಗೀಚಿದ ಒಂದು ಸ್ಕೆಚ್ಚು. "ಪರಿಗಣಿಸಬಹುದು" ಅಂತ ಬರೆದಿದ್ದರು. ಅವರ ಬಗ್ಗೆ ನನಗೆ ಸಿಟ್ಟಿಲ್ಲ. ಅವರಿಗೆ ಅರ್ಜಿ ಬರೆಯೋದು ಗೊತ್ತಿತ್ತು.

2022ರ ಮಳೆಗಾಲ ನಿಮಗೂ ನೆನಪಿರಬೇಕು. ಎಷ್ಟೋ ವರ್ಷದ ಮೇಲೆ ನಮ್ಮ ಕೆರೆ ಕೋಡಿ ಬಿತ್ತು. ಬೆಳಿಗ್ಗೆ ಊರಿಗೆ ಊರೇ ಹೋಗಿ ಬಾಗಿನ ಬಿಟ್ಟು ಫೋಟೋ ತೆಗೆಸಿಕೊಂಡು ಬಂತು. ಸಂಜೆಗೆ ಆ ನೀರು ಲೇಔಟ್‌ನ ಮೂರನೇ ಕ್ರಾಸ್‌ನಲ್ಲಿ ಮೊಣಕಾಲುದ್ದ ನಿಂತಿತ್ತು. ಅಲ್ಲಿ ಮನೆ ಕಟ್ಟಿದವರು ಯಾರೂ ಕಳ್ಳರಲ್ಲ. ಬ್ಯಾಂಕ್ ಸಾಲ ಮಾಡಿದ ಮೇಷ್ಟ್ರು, ನರ್ಸು, ಕಂಡಕ್ಟರು. ಕಾಗದ ಎಲ್ಲ ಸರಿ ಇದೆ. ಆಮೇಲಿಂದ ಪ್ರತಿ ಬೇಸಿಗೆಯಲ್ಲಿ ಯಾರಾದರೊಬ್ಬರು ಹೊಸ್ತಿಲು ಎತ್ತರಿಸೋಕೆ ನನ್ನ ಅಂಗಡಿಗೇ ಸಿಮೆಂಟಿಗೆ ಬರ್ತಾರೆ. ಅಸಲು ಬೆಲೆಗೆ ಕೊಡ್ತೀನಿ. ಯಾಕೆ ಅಂತ ಅವರು ಕೇಳಿಲ್ಲ.

ಇಷ್ಟು ಹೇಳಿದ ಮೇಲೆ ನಿಮ್ಮ ಪಟ್ಟಿಗೆ ಬರೋಣ.

ಪಾರ್ಕು ಬೇಕು ಅಂತ ಬರೆದಿದ್ದೀರಿ, ಅದೂ ಹೆದ್ದಾರಿ ಪಕ್ಕದ ಖಾಸಗಿ ಮಾವಿನ ತೋಪಿನಲ್ಲಿ. ಬೇಡ. ಖಾಸಗಿ ಜಮೀನಿಗೆ ಹಸಿರು ಬಳಿಸಿದರೆ ಅದನ್ನು ಪ್ಲಾನ್ ಮಾಡೋ ಯೋಜನಾ ಪ್ರಾಧಿಕಾರ ಕೊಂಡುಕೊಳ್ಳಬೇಕು. ಇದೇ ಕಾಯ್ದೆಯ 69ನೇ ಸೆಕ್ಷನ್ ನೋಡಿ. ಐದು ವರ್ಷದೊಳಗೆ ಕೊಂಡುಕೊಳ್ಳದೆ, ಭೂಸ್ವಾಧೀನವನ್ನೂ ಶುರು ಮಾಡದಿದ್ದರೆ ಆ ಗುರುತು ತಾನಾಗೇ ಬಿದ್ದುಹೋಗುತ್ತದೆ. ನಿಮ್ಮ ಪುರಸಭೆ ಬೀದಿ ದೀಪದ ಬಿಲ್ಲು ಕಟ್ಟೋಕೇ ಒದ್ದಾಡ್ತಿದೆ ಅಂತ ನೀವೇ ಬರೆದಿದ್ದೀರಿ, ಅದು ತೋಪು ಕೊಳ್ಳುತ್ತಾ? ಈಗಾಗಲೇ ಸರ್ಕಾರದ್ದಾಗಿರೋ ಜಾಗ ಹುಡುಕಿ. ಗುಂಡುತೋಪು, ಗೋಮಾಳ, ಬಿ ಖರಾಬು (ಸಾರ್ವಜನಿಕ ಬಳಕೆಗೆ ಅಂತ ಬಿಟ್ಟ, ಸಾಗುವಳಿಗೆ ಇಲ್ಲದ ಜಾಗ), ಹಳೇ ಗಾಡಿದಾರಿ, ಒತ್ತುವರಿಯಾಗದೆ ಉಳಿದ ಕಟ್ಟೆ. ಅವಕ್ಕೆ ಹಸಿರೋ ಕೆಂಪೋ ಬೀಳೋ ಹಾಗೆ ನೋಡಿಕೊಳ್ಳಿ. ಅದಕ್ಕೆ ಪುರಸಭೆ ಒಂದು ರೂಪಾಯಿ ಬಿಚ್ಚಬೇಕಾಗಿಲ್ಲ.

ಸೈಕಲ್ ದಾರಿ ಬಗ್ಗೆ ನಾನೇನೂ ಹೇಳೋದಿಲ್ಲ.

ಜನಸಂಖ್ಯೆ ಅಧ್ಯಾಯವನ್ನು ಮಾತ್ರ ಬಿಡಬೇಡಿ. ಬೋರು ಹೊಡೆಸುತ್ತದೆ, ಆದರೆ ಹಳದಿ ಹುಟ್ಟೋದೇ ಅಲ್ಲಿಂದ. ಇಷ್ಟು ಜನ ಆಗ್ತಾರೆ, ಆದ್ದರಿಂದ ವಸತಿಗೆ ಇಷ್ಟು ಹೆಕ್ಟೇರ್ ಬೇಕು ಅಂತ ಲೆಕ್ಕ ಹೋಗುತ್ತದೆ. 2021ರ ಜನಗಣತಿ ನಡೆಯಲೇ ಇಲ್ಲ, ಹಾಗಾಗಿ ನಿಮ್ಮ ಕರಡೂ 2011ರ ಅಂಕಿಯಿಂದಲೇ ಗೆರೆ ಎಳೆದಿರುತ್ತದೆ. ಇಪ್ಪತ್ತು ವರ್ಷದಲ್ಲಿ ಊರು ಎರಡು ಪಟ್ಟು ಆಗಬೇಕಾದರೆ ವರ್ಷಕ್ಕೆ ಸುಮಾರು ಶೇ 3.5 ಬೆಳೆಯಬೇಕು. ನಿಮ್ಮೂರಿನ 2001 ಮತ್ತು 2011ರ ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಆ ಹತ್ತು ವರ್ಷದಲ್ಲಿ ಶೇ 10 ಬೆಳೆದಿದ್ದರೆ, ಅದೇ ಓಟದಲ್ಲಿ ಎರಡು ಪಟ್ಟು ಆಗೋಕೆ ಎಪ್ಪತ್ತು ವರ್ಷದ ಮೇಲೆ ಬೇಕು. ಶಾಲೆಗೆ ಸೇರೋ ಮಕ್ಕಳ ಸಂಖ್ಯೆ, ಹೊಸ ಕರೆಂಟ್ ಮೀಟರ್ ಲೆಕ್ಕ ಕೂಡ ತೆಗೆದುಕೊಳ್ಳಿ. ಕರಡಿನ ಲೆಕ್ಕ ಉಬ್ಬಿದ್ದರೆ ಅಲ್ಲೇ ಹಿಡಿಯಿರಿ. ಬೇಕಿಲ್ಲದ ಹಳದಿ ಗದ್ದೆ ತೋಟದ ಮೇಲೆ ಬಿದ್ದರೆ ಸೈಟಿನ ಕಲ್ಲು ನೆಟ್ಟು ಹದಿನೈದು ವರ್ಷ ಪಾಳು ಬಿಡ್ತಾರೆ. ನಮ್ಮಲ್ಲಿ ಬೇಕಾದಷ್ಟು ಬಿದ್ದಿದೆ, ಬಂದರೆ ತೋರಿಸ್ತೀನಿ.

ಇನ್ನು ಕೆಲಸ ಹೇಗೆ ಅಂದ್ರೆ, ಕಂದಾಯ ಇಲಾಖೆಯ ವೆಬ್‌ಸೈಟಿನಿಂದ ನಿಮ್ಮ ಗ್ರಾಮ ನಕಾಶೆ ಇಳಿಸಿಕೊಳ್ಳಿ. ಅದರಲ್ಲಿ ಹಳ್ಳ, ಗಾಡಿದಾರಿ, ಕೆರೆ ಎಲ್ಲ ಸರ್ವೆ ನಂಬರ್ ಜೊತೆ ಇರುತ್ತವೆ. ಉದ್ದೇಶಿತ ಭೂಬಳಕೆ ನಕ್ಷೆಯ ಪಕ್ಕ ಇಟ್ಟು ಒಂದೊಂದೇ ಹಳ್ಳವನ್ನು ಬೆರಳಲ್ಲಿ ಎಳೆಯಿರಿ, ತಾತ ಎಳೆದ ಹಾಗೆ. ಗೆರೆ ಎಲ್ಲಿ ತಪ್ಪುತ್ತದೋ ಅಲ್ಲಿಗೆ ನಡೆದುಹೋಗಿ. ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಜೊತೆಗೆ ಎಪ್ಪತ್ತು ದಾಟಿದ ಒಬ್ಬರನ್ನು ಕರೆದುಕೊಂಡು ಹೋಗಿ, ನೀರುಗಂಟಿ ಮನೆಯವರು ಸಿಕ್ಕರೆ ಬಿಡಬೇಡಿ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಆ ಇಪ್ಪತ್ತು ಸಾವಿರದಲ್ಲಿ ಒಬ್ಬ ಲೈಸೆನ್ಸ್ ಸರ್ವೇಯರ್‌ಗೆ ಒಂದೆರಡು ದಿನದ ಫೀ ಕೊಡಿ.

ಒಂದು ತಪ್ಪಿಗೆ ಒಂದು ಹಾಳೆ. ಮೇಲೆ ಸರ್ವೆ ನಂಬರ್. ನಕ್ಷೆಯಲ್ಲಿ ಏನು ತೋರಿಸಿದ್ದಾರೆ, ಏನು ತೋರಿಸಬೇಕು, ಯಾಕೆ. ಹಿಂದೆ ನಕಾಶೆ ತುಣುಕು ಮತ್ತು ಫೋಟೋ. ಕೊಟ್ಟ ಕೂಡಲೇ ಸೀಲು ಹಾಕಿದ ಸ್ವೀಕೃತಿ ಈಸಿಕೊಳ್ಳಿ. ಸಹಿ ಸಂಗ್ರಹ, ಮೆರವಣಿಗೆ ಎಲ್ಲ ಆಮೇಲೆ ಬೇಕಾದರೆ ಮಾಡಿ. ಅಂತಿಮ ಒಪ್ಪಿಗೆ ಸಿಕ್ಕಿದ ಮೇಲೆ ಉಳಿಯೋದು 14ಎ ಸೆಕ್ಷನ್ನಿನ ಭೂಬಳಕೆ ಬದಲಾವಣೆ. ಅದರಲ್ಲಿ ಹಸಿರು ಹಳದಿ ಆಗಿದ್ದನ್ನು ಸಾಕಷ್ಟು ನೋಡಿದ್ದೇನೆ. ಹಳದಿ ವಾಪಸ್ ಹಸಿರಾಗಿದ್ದನ್ನು ನಮ್ಮ ಕಡೆ ಒಂದೂ ಕಂಡಿಲ್ಲ.

ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು ಅಂತ ಕಾಯ್ದೆಯಲ್ಲಿದೆಯಲ್ಲ, ನಮ್ಮೂರಲ್ಲೂ ಈಗ ಮತ್ತೆ ಶುರುವಾಗಿದೆ. ಆ ಲೇಔಟ್ ಏನೂ ಅಲ್ಲಾಡೋದಿಲ್ಲ. ಅಲ್ಲಿಂದ ಚಿಕ್ಕ ಕೆರೆಯವರೆಗೆ ಹಳ್ಳ ಇನ್ನೂ ಏಳು ಸರ್ವೆ ನಂಬರಿನಲ್ಲಿ ಉಳಿದಿದೆ. ಏಳು ಹಾಳೆ ರೆಡಿ ಮಾಡಿಟ್ಟಿದ್ದೇನೆ. ತಾತ ಹೋದ ವರ್ಷ ತೀರಿಕೊಂಡ. ಮೊಮ್ಮಗ ಜೊತೆಗೆ ನಡೆದು ಜಾಗ ತೋರಿಸಿದ.

ನಿಮ್ಮ ಪ್ರಕಟಣೆ ಯಾವ ತಾರೀಕಿನದು ಅಂತ ಪ್ರಶ್ನೆಯಲ್ಲಿಲ್ಲ. 60 ದಿನ ಯಾವತ್ತಿಗೆ ಮುಗಿಯುತ್ತದೆ ಅಂತ ಇವತ್ತೇ ಲೆಕ್ಕ ಹಾಕಿ. ನಕ್ಷೆ ಫೋಟೋ ತೆಗೆದರೆ ನಾಲ್ಕೂ ಮೂಲೆ ಬರಲಿ. ಸ್ವಿಚ್ ಬೋರ್ಡು ಕಂಡರೂ ಪರವಾಗಿಲ್ಲ.