ಕೇಬಲ್ ಟ್ರೇ ಒಳಗೇ ಜಾಯಿಂಟ್ ಹಾಕಬಹುದಾ, ಬಾಕ್ಸ್ ಬೇಕೇ ಬೇಕಾ?

ಹಾಕಬಹುದು, ಬಾಕ್ಸ್ ಇಲ್ಲದೆಯೇ. ಟೆಕ್ಸಾಸ್‌ನ ಪ್ಲಾಂಟಿನಲ್ಲಿ 4/0 (ಅಮೆರಿಕದ ವೈರ್ ಸೈಜು) ತಾಮ್ರದ ಮೋಟಾರ್ ಕೇಬಲ್ ಎಳೆದಾದ ಮೇಲೆ 12 ಅಡಿ ಸಾಲದೆ ಬಂತು, ಫೋರ್‌ಮನ್ ಮಾತ್ರ ‘ಬಾಕ್ಸ್ ಇಲ್ಲದ ಜಾಯಿಂಟನ್ನ ಇನ್ಸ್‌ಪೆಕ್ಟರ್ ಒಪ್ಪಲ್ಲ’ ಅಂತಿದ್ದಾನೆ ಅಂದಿರಿ. ಅವನು ಹೇಳ್ತಿರೋದು ಪೈಪಿನ ನಿಯಮ. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ಹಾಗೇ ನಂಬಿದ್ದೆ.

ಅಮೆರಿಕದ ವಿದ್ಯುತ್ ಕೋಡ್ ಆದ ಎನ್‌ಇಸಿ ಪ್ರಕಾರ ಕಂಡ್ಯೂಟ್ ಪೈಪು ಅಂದರೆ ರೇಸ್‌ವೇ, ವೈರು ಒಳಗೆ ಹಾಯಿಸುವ ಮುಚ್ಚಿದ ದಾರಿ. ಅದರೊಳಗೆ ವೈರು ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ತುಂಡಾಗದೆ ಹೋಗಬೇಕು (300.13). ಟ್ರೇ ರೇಸ್‌ವೇ ಅಲ್ಲ, ಕೇಬಲ್‌ಗೆ ಆಸರೆ ಅಷ್ಟೇ. ಅದಕ್ಕೇ 392.56 ಅಂತ ಬೇರೆ ನಿಯಮ ಇದೆ: ಒಪ್ಪಿತ ವಿಧಾನದಲ್ಲಿ ಜಾಯಿಂಟ್ ಹಾಕಿ ಇನ್ಸುಲೇಟ್ ಮಾಡಿರಬೇಕು, ಕೈಗೆ ಸಿಗುವಂತಿರಬೇಕು. ಪೆಟ್ಟು ಬೀಳದ ಜಾಗವಾದರೆ ಟ್ರೇಯ ಅಂಚಿಗಿಂತ ಮೇಲೆ ಚಾಚಿದರೂ ಪರವಾಗಿಲ್ಲ. ಹಳೆಯ ಆವೃತ್ತಿಗಳಲ್ಲಿ ಅದಕ್ಕೆ ಅವಕಾಶ ಇರಲಿಲ್ಲ. ಕೈಗೆ ಸಿಗೋದು ಅಂದರೆ ಗೋಡೆ, ಸೀಲಿಂಗ್ ಒಡೆಯದೆ ತಲುಪುವಂತಿರೋದು. ಎತ್ತಿ ತೆಗೆಯುವ ಸೀಲಿಂಗ್ ಟೈಲ್ ಮೇಲಿದ್ದರೆ ಸರಿ.

ಎಡವೋದು ‘ಒಪ್ಪಿತ ವಿಧಾನ’ದಲ್ಲಿ. ಟೇಪ್ ಸುತ್ತಿ ಕೈತೊಳೆದುಕೊಳ್ಳೋ ಕೆಲಸ ಅಲ್ಲ ಇದು. ಮೇಲಿನ ಜಾಕೆಟ್ ಸುಲಿದ ತಕ್ಷಣ ಒಳಗಿನ ವೈರುಗಳು ಬರೀ ಮೈಯಲ್ಲಿ ಟ್ರೇಯಲ್ಲಿ ಬಿದ್ದ ಹಾಗೆ. ಒಂದೊಂದು ವೈರಿಗೂ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ, ಎಲ್ಲದರ ಮೇಲೆ ಜಾಕೆಟ್ ಬದಲು ದೊಡ್ಡ ಸ್ಲೀವ್ ಎಳೆಯಬೇಕು. ಮೂರೂ ಫೇಸಿನ ಜಾಯಿಂಟನ್ನ ಒಂದೇ ಕಡೆ ಹಾಕದೆ ಹಿಂದೆಮುಂದೆ ಮಾಡಿ, ಇಲ್ಲದಿದ್ದರೆ ಇಲಿ ನುಂಗಿದ ಹಾವಿನ ಹಾಗೆ ಉಬ್ಬುತ್ತೆ. ಅರ್ಥ್ ವೈರ್ ಮರೀಬೇಡಿ.

ಕ್ರಿಂಪ್, ಅಂದರೆ ಎರಡು ವೈರು ಸೇರಿಸುವ ಕನೆಕ್ಟರನ್ನ ಒತ್ತಿ ಬಿಗಿ ಮಾಡೋದು, ಅದರ ಬಗ್ಗೆ ಒಂದು ಅನುಭವ. ಒಂದು ಕಡೆ ಪಂಪ್ ಪದೇ ಪದೇ ಟ್ರಿಪ್ ಆಗ್ತಿತ್ತು. ಥರ್ಮಲ್ ಕ್ಯಾಮೆರಾ ಹಿಡಿದರೆ ಟ್ರೇಯಲ್ಲಿ ಒಂದೇ ಒಂದು ಜಾಗ ಬಿಳಿಚಿ ಹೊಳೀತಿತ್ತು. ಲೈನ್ ಆಫ್ ಮಾಡಿ ಸ್ಲೀವ್ ಸೀಳಿ ನೋಡಿದೆ. ಕನೆಕ್ಟರ್ ಮೇಲೆ ನೇರಳೆ ಗೆರೆ, ಅಂದರೆ 4/0. ಆದರೆ ಒತ್ತಿದ ಜಾಗದಲ್ಲಿ ಮೂಡಿದ್ದ ನಂಬರು ಹಳದಿ ಡೈನದು (ಡೈ ಅಂದರೆ ಒತ್ತುವ ಅಚ್ಚು), ಅದು ಇನ್ನೂ ದಪ್ಪನೆಯ 250 ಕೆಸಿಮಿಲ್ ವೈರಿಗೆ. ವೈರನ್ನ ಬೆರಳಲ್ಲಿ ಹಿಡಿದು ತಿರುಗಿಸಿದರೆ ತಿರುಗ್ತಿತ್ತು! ಹಾಕಿದವನು ಆಗಲೇ ಬೇರೆ ಸೈಟಿಗೆ ಹೋಗಿದ್ದ. ಅಂದಿನಿಂದ ಸ್ಲೀವ್ ಮುಚ್ಚುವ ಮುಂಚೆ ಪ್ರತಿ ಕ್ರಿಂಪಿನ ಫೋಟೋ ಇಟ್ಟುಕೊಳ್ತೀನಿ.

ಕೋಡ್ ಒಪ್ಪಿದರೂ ಎಷ್ಟೋ ಪ್ಲಾಂಟ್‌ಗಳ ಸ್ವಂತ ಸ್ಪೆಸಿಫಿಕೇಶನ್‌ನಲ್ಲಿ ‘ಟ್ರೇಯಲ್ಲಿ ಜಾಯಿಂಟ್ ಕೂಡದು’ ಅಂತ ಬರೆದಿರ್ತಾರೆ. ಮೊದಲು ಅದನ್ನ ತೆಗೆದು ನೋಡಿ. ಸಣ್ಣ ಕಂಟ್ರೋಲ್ ವೈರುಗಳಾಗಿದ್ದರೆ ನಾನಂತೂ ಬಾಕ್ಸನ್ನೇ ಹಾಕ್ತಿದ್ದೆ.

ಇನ್ನೊಂದು ಮಾತು. 12 ಅಡಿ ಸಾಲದು ಅಂದರೆ ಕೇಬಲ್ ತುದಿ ಮೋಟಾರ್ ಹತ್ತಿರಾನೇ ಇದೆ ಅಂತಾಯ್ತು. ಅಲ್ಲಿ ಅದು ಟ್ರೇ ಬಿಟ್ಟು ಕಂಡ್ಯೂಟಿನಲ್ಲಿ ಇಳಿಯೋದಾದರೆ 12 ಅಡಿ ತುಂಡು ತರಿಸಬೇಡಿ, ಜಾಯಿಂಟ್ ಪೈಪಿನೊಳಗೆ ಹೋಗಿ ಕೂರುತ್ತೆ, ಆಗ ಫೋರ್‌ಮನ್ ಹೇಳಿದ್ದೇ ಸರಿಯಾಗುತ್ತೆ. ಕೇಬಲನ್ನ ಟ್ರೇಯಲ್ಲೇ ಹಿಂದಕ್ಕೆ ಕತ್ತರಿಸಿ, ಅಲ್ಲಿಂದ ಮೋಟಾರ್‌ವರೆಗೆ ಅಳೆದು ಒಂದೇ ತುಂಡು ತರಿಸಿ.