ಬೋರ್‌ವೆಲ್ ಯೂನಿಯನ್ ಸೋರುತ್ತಿದೆ, ಒಳಗಿನ ರಬ್ಬರ್ ರಿಂಗ್ ಮಾತ್ರ ಎಲ್ಲಿ ಸಿಗುತ್ತದೆ?

ಬೋರ್‌ವೆಲ್ ಬಾಯಿಯ ಹತ್ತಿರ ಒಂದೂಕಾಲು ಇಂಚಿನ ಯೂನಿಯನ್ (ಎರಡು ಪೈಪು ಸೇರಿಸುವ, ನಟ್ಟು ತಿರುವಿ ಬಿಚ್ಚಬಹುದಾದ ಜೋಡಣೆ) ಸೋರುತ್ತಿದೆ, ಅಂಗಡಿಯವರು "ರಬ್ಬರ್ ಬೇರೆ ಬರಲ್ಲ, ಪೂರ್ತಿ ಯೂನಿಯನ್ನೇ ತಗೊಳ್ಳಿ" ಅನ್ನುತ್ತಾರೆ ಎಂದು ಕೇಳಿದ್ದೀರಿ. ರಬ್ಬರ್ ಬೇರೆ ಸಿಗುತ್ತದೆ. ಆದರೆ "ಒಂದೂಕಾಲು ಇಂಚಿನ ಯೂನಿಯನ್ ವಾಷರ್" ಎಂದು ಕೇಳಿದರೆ ಸಿಗುವುದು ಕಷ್ಟ. ಮಿಲಿಮೀಟರ್ ಲೆಕ್ಕದಲ್ಲಿ ಓ-ರಿಂಗ್ (ಬಳೆಯಂಥ ದುಂಡನೆ ರಬ್ಬರ್) ಕೇಳಬೇಕು. ನಮ್ಮ ಮನೆ ಬೋರ್‌ವೆಲ್‌ನ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಅಕ್ಕಪಕ್ಕದವರಿಗೂ ಈ ರಿಂಗ್ ಹುಡುಕಿ ಕೊಟ್ಟಿದ್ದೇನೆ.

ಬಿಚ್ಚುವ ಮೊದಲು ಪ್ಯಾನೆಲ್ ಬೋರ್ಡಿನ ಮೇನ್ ಸ್ವಿಚ್ ಇಳಿಸಿ. ಸ್ಟಾರ್ಟರ್ ಆಫ್ ಮಾಡಿದರೆ ಸಾಲದು. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದ ಕೂಡಲೇ ಮೋಟರ್ ತಾನಾಗಿ ಓಡಬಹುದು. ಟ್ಯಾಂಕಿಗೆ ಹೋಗುವ ಲೈನಿನ ಗೇಟ್ ವಾಲ್ವನ್ನೂ ಮುಚ್ಚಿ, ಇಲ್ಲದಿದ್ದರೆ ಪೈಪಿನಲ್ಲಿ ನಿಂತ ನೀರು ವಾಪಸ್ ಬರುತ್ತದೆ. ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಕೇಸಿಂಗ್ (ಬೋರ್ ಬಾಯಿಗೆ ಇಳಿಸಿರುವ ದಪ್ಪ ಹೊರ ಪೈಪು) ಮೇಲೆ ಕೂತಿರುವ ಕ್ಲಾಂಪಿನ ಬೋಲ್ಟ್ ಮುಟ್ಟಬೇಡಿ. ಒಳಗಿನ ನೂರಾರು ಅಡಿ ಪೈಪು, ಕೇಬಲ್, ಮೋಟರ್ ಎಲ್ಲದರ ಭಾರ ಅದರ ಮೇಲೇ ನಿಂತಿದೆ. ಸಡಿಲವಾಗಿ ಜಾರಿದರೆ ಮೋಟರ್ ಬೋರ್ ಒಳಗೆ ಹೋಯಿತು ಅಂತಲೇ ಲೆಕ್ಕ. ಸೋರುವುದು ಕ್ಲಾಂಪಿನ ಕೆಳಗಾದರೆ, ಮೋಟರ್ ಎತ್ತುವವರನ್ನೇ ಕರೆಸಿ.

ಯೂನಿಯನ್ ಬಿಚ್ಚಿದ ಮೇಲೆ ಎರಡು ಮುಖಗಳನ್ನೂ ಒರೆಸಿ ನೋಡಿ. ಎಷ್ಟೋ ಜಿಐ (ಸತು ಲೇಪಿಸಿದ ಕಬ್ಬಿಣದ) ಯೂನಿಯನ್‌ಗಳಲ್ಲಿ ರಬ್ಬರೇ ಇರುವುದಿಲ್ಲ! ಒಂದು ಮುಖ ಉಬ್ಬಿರುತ್ತದೆ, ಇನ್ನೊಂದು ತಗ್ಗಾಗಿರುತ್ತದೆ, ಲೋಹಕ್ಕೆ ಲೋಹ ಒತ್ತಿಕೊಂಡೇ ನೀರು ನಿಲ್ಲುತ್ತದೆ. ನಿಮ್ಮದು ಹಾಗಿದ್ದರೆ ವಾಷರ್ ಹುಡುಕುವುದೇ ವ್ಯರ್ಥ. ಅಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಅಂಗಡಿಯವರು ಹೇಳಿದ್ದೇ ಸರಿ, ಹೊಸ ಯೂನಿಯನ್ ಹಾಕಿ. ಎರಡು ಭಾಗಗಳನ್ನೂ ಜೊತೆಯಾಗಿಯೇ ಬದಲಾಯಿಸಿ. ಹಳೆಯ ಅರ್ಧಕ್ಕೆ ಹೊಸ ಅರ್ಧ ಸರಿಯಾಗಿ ಕೂರುವುದಿಲ್ಲ.

ಮುಖಗಳು ಚಪ್ಪಟೆಯಾಗಿದ್ದರೆ ಅಲ್ಲಿಗೆ ಚಪ್ಪಟೆ ವಾಷರ್ ಬೇಕು. ಅದನ್ನು ರಬ್ಬರ್ ಶೀಟ್ ಮಾರುವವರು ಅಳತೆಗೆ ಕತ್ತರಿಸಿ ಕೊಡುತ್ತಾರೆ. ಪಿವಿಸಿ, ಯುಪಿವಿಸಿ ಯೂನಿಯನ್ ಆದರೆ ಒಂದು ಮುಖದಲ್ಲಿ ಉಂಗುರದಂತೆ ಕೊರೆದ ತಗ್ಗು, ಅಂದರೆ ಗ್ರೂವ್, ಇರುತ್ತದೆ, ಅದರೊಳಗೆ ಓ-ರಿಂಗ್.

ಅಳತೆಯಲ್ಲೇ ಎಲ್ಲರೂ ಸಿಕ್ಕಿಕೊಳ್ಳುವುದು. ಒಂದೂಕಾಲು ಇಂಚಿನ ಜಿಐ ಪೈಪಿನ ಹೊರ ಅಳತೆ ಸುಮಾರು 42 ಮಿಮೀ. ತೋಟಕ್ಕೆ ಹಾಕುವ ಪಿವಿಸಿಯಲ್ಲಿ 40 ಮಿಮೀ ಪೈಪನ್ನೇ ಒಂದೂಕಾಲು ಇಂಚು ಅನ್ನುತ್ತಾರೆ. ಮೇಲಾಗಿ ಯೂನಿಯನ್ನಿನ ಗ್ರೂವ್ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಪೈಪಿನ ಸೈಜು ಹೇಳಿ ಪ್ರಯೋಜನವಿಲ್ಲ. ಹಳೆಯ ರಿಂಗನ್ನು ಅಳೆದರೂ ಮೋಸ ಹೋಗಬಹುದು, ಅದು ಒತ್ತಿ ಒತ್ತಿ ಚಪ್ಪಟೆಯಾಗಿರುತ್ತದೆ, ಕೆಲವೊಮ್ಮೆ ಹಿಗ್ಗಿರುತ್ತದೆ. ಗ್ರೂವನ್ನೇ ಅಳೆಯಿರಿ: ಒಳ ಅಂಚಿನ ವ್ಯಾಸ, ಅಗಲ, ಆಳ. ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಇಲ್ಲದಿದ್ದರೆ ಆ ಮುಖದ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್‌ನಿಂದ ಮೆಲ್ಲಗೆ ಉಜ್ಜಿ. ಗ್ರೂವಿನ ಎರಡೂ ಅಂಚು ಮೂಡುತ್ತವೆ. ಆ ಹಾಳೆ, ಹಳೆಯ ರಿಂಗ್ ಎರಡನ್ನೂ ತೆಗೆದುಕೊಂಡು ಹೋಗಿ. ಓ-ರಿಂಗಿಗೆ ಎರಡು ಅಳತೆ ಹೇಳುತ್ತಾರೆ: ಒಳ ವ್ಯಾಸ ಮತ್ತು ದಪ್ಪ. ದಪ್ಪ ಗ್ರೂವಿನ ಆಳಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ಒತ್ತಿದಾಗ ತುಂಬಿಕೊಳ್ಳಲು.

ಪ್ಲಂಬಿಂಗ್ ಅಂಗಡಿ ಬಿಟ್ಟು ಬೇರೆ ಕಡೆ ಕೇಳಿ. ಜೆಸಿಬಿ, ಟ್ರ್ಯಾಕ್ಟರ್‌ಗೆ ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಗಳಲ್ಲಿ ಓ-ರಿಂಗ್ ಡಬ್ಬಿಗಳೇ ಇರುತ್ತವೆ. ನನ್ನ ಪ್ರಕಾರ ತಾಲ್ಲೂಕು ಊರುಗಳಲ್ಲಿ ಮೊದಲು ಹೋಗಬೇಕಾದ್ದು ಅಲ್ಲಿಗೇ. ಆಮೇಲೆ ಬೇರಿಂಗ್, ಆಯಿಲ್ ಸೀಲ್ ಮಾರುವವರು. ಬೆಂಗಳೂರಿನವರಾದರೆ ಎಸ್‌ಜೆಪಿ ರಸ್ತೆ ಸುತ್ತಮುತ್ತ ಸುತ್ತಿ.

ಹೈಡ್ರಾಲಿಕ್ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ನೈಟ್ರೈಲ್ ರಬ್ಬರ್. ನೀರಿಗೆ ಅದು ನಡೆಯುತ್ತದೆ. ಆದರೆ ಬೋರ್ ಬಾಯಿ ದಿನವಿಡೀ ಬಿಸಿಲಲ್ಲೇ ಇದ್ದರೆ ಇಪಿಡಿಎಂ ಎಂಬ ಇನ್ನೊಂದು ಬಗೆಯ ರಬ್ಬರ್ ಕೇಳಿ, ಬಿಸಿಲಿಗೆ ಅದು ಬೇಗ ಬಿರುಕು ಬಿಡುವುದಿಲ್ಲ. ನೋಡಲು ಎರಡೂ ಕಪ್ಪಗೇ ಇರುತ್ತವೆ, ಬಾಯಿಬಿಟ್ಟು ಕೇಳಲೇಬೇಕು. ಇಪಿಡಿಎಂಗೆ ಗಾಡಿ ಗ್ರೀಸ್, ಎಂಜಿನ್ ಆಯಿಲ್ ಹಚ್ಚಬೇಡಿ, ಉಬ್ಬಿ ಹಾಳಾಗುತ್ತದೆ. ಸಿಲಿಕೋನ್ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಸೋಪು ನೀರು ಸಾಕು.

ಯೂನಿಯನ್ ನಟ್ಟಿನ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವುದನ್ನು ಎಲ್ಲ ಕಡೆ ನೋಡುತ್ತೇನೆ. ಸುಮ್ನೆ ದಂಡ. ಅಲ್ಲಿ ನೀರು ನಿಲ್ಲಿಸುವುದು ಥ್ರೆಡ್ ಅಲ್ಲ, ಒಳಗಿನ ಮುಖ. ಪ್ಲಾಸ್ಟಿಕ್ ಯೂನಿಯನ್ ಆದರೆ ಕೈಯಲ್ಲೇ ಬಿಗಿ ಮಾಡಿ, ಪೈಪ್ ರೆಂಚ್ ಹಾಕಿ ತಿರುವಿದರೆ ನಟ್ಟು ಸೀಳಬಹುದು.

ರಿಂಗ್ ಯಾಕೆ ಹೋಯಿತು ಅಂತಲೂ ನೋಡಬೇಕು ಅಲ್ವಾ? ನಟ್ಟು ಬಿಚ್ಚಿದಾಗ ಎರಡು ಪೈಪುಗಳು ಎದುರುಬದುರು ನೇರವಾಗಿ ನಿಂತವೇ, ಇಲ್ಲ ಒಂದು ಕೆಳಗೆ ಜೋತಿತೇ? ಜೋತರೆ ಲೈನಿಗೆ ಆಧಾರವಿಲ್ಲ ಎಂದರ್ಥ. ಮೋಟರ್ ಶುರುವಾದಾಗಲೆಲ್ಲ ಪೈಪು ಒದ್ದು, ಯೂನಿಯನ್ನನ್ನು ಒಂದೇ ಕಡೆ ಎಳೆಯುತ್ತದೆ. ಪೈಪಿನ ಕೆಳಗೆ ಇಟ್ಟಿಗೆ ಕಟ್ಟಿಸಿ, ಇಲ್ಲವೇ ಗೋಡೆಗೆ ಕ್ಲಾಂಪ್ ಹೊಡೆಸಿ. ಇದನ್ನು ಮಾಡದೆ ರಿಂಗ್ ಎಷ್ಟು ಸಲ ಬದಲಾಯಿಸಿದರೂ ಮತ್ತೆ ಸೋರುತ್ತದೆ.

ತೊಟ್ಟು ತೊಟ್ಟು ತಾನೇ ಎಂದು ಬಿಡಲೂಬೇಡಿ. ಆ ನೀರು ಕೇಸಿಂಗ್ ಸುತ್ತ ನಿಂತು, ಹೊರಗಿನ ಸಂದಿಯಿಂದ ಮೇಲಿನ ಕೊಳೆಯನ್ನೂ ಸೇರಿಸಿಕೊಂಡು ಬೋರ್‌ಗೇ ಇಳಿಯಬಹುದು. ಅದೇ ನೀರು ಕುಡಿಯುವವರು ನೀವು.

ಹೊಸ ರಿಂಗ್ ಹಾಕಿದ ಮೇಲೆ ಯೂನಿಯನ್ ಸುತ್ತ ಒಣ ಪೇಪರ್ ಸುತ್ತಿ ಅರ್ಧ ಗಂಟೆ ಮೋಟರ್ ಓಡಿಸಿ. ಪೇಪರ್ ಒದ್ದೆಯಾದರೆ ಆಫ್ ಮಾಡಿ ನಟ್ಟನ್ನು ಇನ್ನು ಸ್ವಲ್ಪ ತಿರುವಿ. ಆಗಲೂ ನಿಲ್ಲದಿದ್ದರೆ ಗ್ರೂವಿನ ಮೂರೂ ಅಳತೆಗಳನ್ನು ಇಲ್ಲೇ ಕೆಳಗೆ ಬರೆಯಿರಿ, ಯಾವ ಸೈಜಿನ ರಿಂಗ್ ಕೇಳಬೇಕು ಎಂದು ಹೇಳುತ್ತೇನೆ.